ಲಾಗ್‌ನಲ್ಲಿ ಕಂಡ ಒಂದು ಸಾಲು

ಇವತ್ತು ಸರ್ವರ್ ಲಾಗ್ (ಸರ್ವರ್‌ನಲ್ಲಿ ನಡೆದದ್ದರ ದಾಖಲೆ) ನೋಡುವಾಗ ಒಂದು ಸಾಲಿಗೆ ಎದೆ ಧಸಕ್ ಎಂದಿತು: ‘ಎಂಟರ್ಡ್ ಪ್ರಾಮಿಸ್ಕ್ಯುಯಸ್ ಮೋಡ್’. ನೆಟ್‌ವರ್ಕ್ ಕಾರ್ಡ್ ಸಾಮಾನ್ಯವಾಗಿ ತನ್ನ ವಿಳಾಸಕ್ಕೆ ಬಂದ ಪ್ಯಾಕೆಟ್ (ಡೇಟಾದ ಸಣ್ಣ ತುಣುಕು) ಇಟ್ಟುಕೊಂಡು, ಬೇರೆಯವರದನ್ನು ಬಿಟ್ಟುಬಿಡುತ್ತದೆ. ಈ ಮೋಡ್‌ನಲ್ಲಿ ಮಾತ್ರ ತನ್ನವರೆಗೆ ಬಂದದ್ದನ್ನೆಲ್ಲ ಓದುತ್ತದೆ. ಪಕ್ಕದ ಮನೆಯ ಕಾಗದ ಒಡೆದು ಓದಿದ ಹಾಗೆ ಅಲ್ವಾ?

ವಿಚಾರಿಸಿದೆ. ನೆಟ್‌ವರ್ಕ್ ಯಾಕೆ ನಿಧಾನ ಅಂತ ನೋಡಲು ಸಹೋದ್ಯೋಗಿಯೊಬ್ಬರು ಟಿಸಿಪಿಡಂಪ್ ಓಡಿಸಿದ್ದರು. ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಆ ಪ್ರೋಗ್ರಾಮೇ ಕಾರ್ಡನ್ನು ಈ ಮೋಡ್‌ಗೆ ಹಾಕಿತ್ತು. ಸಮಾಧಾನವಾಯಿತು.

ಬಂದದ್ದನ್ನು ಎಲ್ಲ ಕಂಪ್ಯೂಟರ್‌ಗಳಿಗೂ ಹಂಚುವ ಹಬ್‌ಗಳ ಕಾಲದಲ್ಲಿ, ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗಲು ಬಳಸುವ ಟೆಲ್ನೆಟ್‌ನ ಪಾಸ್‌ವರ್ಡ್‌ಗಳು ಹೀಗೇ ಸಿಕ್ಕಿಬಿಡುತ್ತಿದ್ದವು. ಯಾರಿಗೆ ಸೇರಬೇಕೋ ಅವರಿಗಷ್ಟೇ ಕಳಿಸುವ ಸ್ವಿಚ್ ಬಂದ ಮೇಲೆ ಅಷ್ಟು ಸುಲಭವಲ್ಲ, ಆದರೂ ಎಆರ್‌ಪಿ ಸ್ಪೂಫಿಂಗ್ (ಸುಳ್ಳು ವಿಳಾಸ ಹೇಳಿ ಬೇರೆಯವರ ಪ್ಯಾಕೆಟ್ ತನ್ನತ್ತ ತಿರುಗಿಸುವುದು) ಮಾಡಿದರೆ ದಾರಿ ಇದೆ. ಡೇಟಾ ಎನ್‌ಕ್ರಿಪ್ಟ್ ಆಗಿದ್ದರೆ, ಅಂದರೆ ಗೂಢಲಿಪಿಯಲ್ಲಿದ್ದರೆ, ಕದ್ದವರಿಗೂ ಒಳಗಿನದು ಅರ್ಥವಾಗದು. ನಮ್ಮ ಹಳೇ ಸ್ಕ್ಯಾನರ್ ಇನ್ನೂ ಎನ್‌ಕ್ರಿಪ್ಟ್ ಮಾಡದ ಹಳೇ ವಿಧಾನವಾದ ಎಫ್‌ಟಿಪಿಯಲ್ಲೇ ಫೈಲ್ ಕಳಿಸುತ್ತದೆ, ಪಾಸ್‌ವರ್ಡ್ ಸಮೇತ ಬಟಾಬಯಲು. ನಾಳೆ ಬೆಳಗ್ಗೆ ಮೊದಲ ಕೆಲಸ ಅದನ್ನು ಸರಿಪಡಿಸುವುದೇ.