ಎಲ್ಲಾ ಹಾಡೂ ಫೋನಿನಲ್ಲೇ ಇರುವಾಗ ಆ ಟಿವಿ ಕಾಲ ಯಾಕೆ ಬೇಕು?

ನಮ್ಮ ಮನೆಗೆ ಬಂದವರ ಕಣ್ಣು ಶೆಲ್ಫಿನಲ್ಲಿರುವ ಹಳೇ ವಿಡಿಯೋ ಕ್ಯಾಸೆಟ್‌ಗಳ ಮೇಲೆ ಬಿದ್ದೇ ಬೀಳುತ್ತದೆ. ತೊಂಬತ್ತರ ದಶಕದಲ್ಲಿ ಟಿವಿಯಿಂದ ರೆಕಾರ್ಡ್ ಮಾಡಿಕೊಂಡ ಹಾಡುಗಳು. ಅರ್ಧಕ್ಕರ್ಧ ಬೂಷ್ಟು ಹಿಡಿದಿವೆ. ಕೊಡಗಿನ ಮಳೆಗಾಲ ಯಾವುದನ್ನೂ ಬಿಡುವುದಿಲ್ಲ. ಅದನ್ನು ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇದೆಲ್ಲಾ ಈಗ ಯೂಟ್ಯೂಬ್‌ನಲ್ಲಿ ಸಿಗುತ್ತದೆ ಅಲ್ವಾ, ಮತ್ತೆ ಆ ಕಾಲದ ಮೇಲೆ ಯಾಕಿಷ್ಟು ಮೋಹ? 2025ರ ಕೊನೆಯ ದಿನ ಬ್ರಿಟನ್ನಿನಲ್ಲಿ ಎಂಟಿವಿಯ ಹಾಡಿನ ಚಾನೆಲ್‌ಗಳು ಮುಚ್ಚಿದವು. ಆ ಸುದ್ದಿ ಬಂದಾಗಲಂತೂ ಮತ್ತೆ ಇದೇ ಪ್ರಶ್ನೆ.

ಸಿಗುತ್ತದೆ, ನಿಜ. ಆಗಿನದಕ್ಕಿಂತ ಸ್ಪಷ್ಟವಾಗಿಯೇ ಸಿಗುತ್ತದೆ. ಆದರೆ ನನಗೆ ಕೊರತೆ ಅನಿಸುವುದು ಹಾಡಿನದ್ದಲ್ಲ. ಸಿನಿಮಾದ ಹಂಗಿಲ್ಲದ ಒಂದು ಹಾಡು ಬೇರೆ ಬೇರೆ ಭಾಷೆಯವರ ಮನೆಗಳಿಗೆ ಒಂದೇ ಹೊತ್ತಿಗೆ ಬರುತ್ತಿತ್ತು. ಅಂಥ ಜಾಗ ಈಗ ಇಲ್ಲ. ನನ್ನ ಸಂಕಟ ಅದು.

ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾವು ಚಿಕ್ಕವರಿದ್ದಾಗ ಇದ್ದದ್ದು ದೂರದರ್ಶನ ಮಾತ್ರ. ಹಿಂದಿಗೆ ಚಿತ್ರಹಾರ್, ರಂಗೋಲಿ. ಕನ್ನಡಕ್ಕೆ ಚಿತ್ರಮಂಜರಿ. ಬಂದದ್ದೆಲ್ಲ ಸಿನಿಮಾ ಹಾಡೇ. ಹೀರೋ ಕುಣಿಯುತ್ತಾನೆ, ಹೀರೋಯಿನ್ ಓಡುತ್ತಾಳೆ, ಹಾಡಿದವರ ಮುಖ ಮಾತ್ರ ಕಾಣುವುದಿಲ್ಲ. ಸಿನಿಮಾದ ಹೊರಗೆ ಕನ್ನಡಕ್ಕೆ ಹಾಡೇ ಇರಲಿಲ್ಲ ಎಂದಲ್ಲ. 1978ರಲ್ಲೇ ನಿಸಾರ್ ಅಹಮದ್ ಅವರ ನಿತ್ಯೋತ್ಸವ ಕ್ಯಾಸೆಟ್ ಬಂದಿತ್ತು. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಭಾವಗೀತೆಯನ್ನು ಮನೆಮನೆಗೆ ತಲುಪಿಸಿದ್ದರು. ಆದರೆ ಅದು ಕಿವಿಗೆ ಬಂದ ಹಾಡು. ಹಾಡಿದವರೇ ತೆರೆಯ ಮೇಲೆ ನಿಂತು, ಆ ಮೂರು ನಾಲ್ಕು ನಿಮಿಷ ಕಥೆಯೂ ಅವರದ್ದೇ, ಮುಖವೂ ಅವರದ್ದೇ ಅನ್ನುವುದು ನಮಗೆ ಗೊತ್ತಿರಲಿಲ್ಲ.

ಅಮೆರಿಕದಲ್ಲಿ ಅದು 1981ರ ಆಗಸ್ಟ್ 1ರಂದೇ ಶುರುವಾಗಿತ್ತು. ಎಂಟಿವಿ ಹುಟ್ಟಿದ ದಿನ ಅದು. 1983ರಲ್ಲಿ ಮೈಕಲ್ ಜಾಕ್ಸನ್ ಅವರ ಥ್ರಿಲ್ಲರ್ ಬಂತು, ಒಂದು ಹಾಡಿಗೆ ಹತ್ತಿರ ಹತ್ತಿರ 14 ನಿಮಿಷದ ಚಿತ್ರ. ನಮ್ಮ ಕಡೆಗೆ ಎಂಟಿವಿ ಬಂದದ್ದು 1991ರಲ್ಲಿ, ಏಷ್ಯಾಸ್ಯಾಟ್ ಉಪಗ್ರಹದ ಮೂಲಕ ಸ್ಟಾರ್ ಟಿವಿಯ ಜೊತೆಗೆ. 1994ರಲ್ಲಿ ಇಬ್ಬರೂ ಬೇರೆಯಾದರು, ಆ ಜಾಗಕ್ಕೆ ಸ್ಟಾರ್‌ನದೇ ಹಾಡಿನ ಚಾನೆಲ್ ಆದ ಚಾನೆಲ್ ವಿ ಬಂತು. 1996ರಲ್ಲಿ ಎಂಟಿವಿ ತನ್ನದೇ ಕಾಲ ಮೇಲೆ ವಾಪಸ್ ಬಂತು.

ಕೊಡಗಿನ ಮಟ್ಟಿಗೆ ಈ ಕಥೆಯಲ್ಲಿ ಕಾಫಿಯದ್ದೂ ಒಂದು ಪಾಲಿದೆ. ಇದನ್ನು ಹೊರಗಿನವರಿಗೆ ಹೇಳಿದರೆ ಆಶ್ಚರ್ಯಪಡುತ್ತಾರೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಕಡು ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡಗಳು ಸುಟ್ಟುಹೋದವು. ಇಲ್ಲಿ ರೇಟು ಏರಿತು. ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕು ಎನ್ನುವ ನಿಯಮವೂ ಅದೇ ವರ್ಷಗಳಲ್ಲಿ ಸಡಿಲವಾಗುತ್ತಾ ಬಂದಿತ್ತು. ಎಷ್ಟೋ ಮನೆಗಳಿಗೆ ಹೊಸ ಜೀಪು ಬಂತು. ಕಲರ್ ಟಿವಿ ಬಂತು. ಕೆಲವು ಮನೆಗಳಿಗೆ ದೊಡ್ಡ ಡಿಶ್ ಬಂತು.

ಮೂರ್ನಾಡು ಕಡೆಯ ನಮ್ಮ ಊರಲ್ಲಿ ಮೊದಲ ಡಿಶ್ ಬಂದದ್ದು ಪಕ್ಕದ ತೋಟದ ಕೊಡವರ ಮನೆಗೆ. ಆಳೆತ್ತರದ ಜಾಲರಿ ಡಿಶ್. ತೋಟದ ಒಳಗೆ ಅದನ್ನು ಇಡುವಂತಿಲ್ಲ. ಎತ್ತ ನೋಡಿದರೂ ಸಿಲ್ವರ್ ಓಕ್, ಹಲಸು, ಅತ್ತಿ. ಆಕಾಶ ಬಿಚ್ಚಿ ಕಾಣುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ಹಾಗಾಗಿ ಕಣದ ಮೂಲೆಯಲ್ಲಿ ಕಾಂಕ್ರೀಟ್ ಹಾಕಿ ನಿಲ್ಲಿಸಿದರು. ಕೊಯ್ಲಿನ ಸಮಯದಲ್ಲಿ ಅದರ ಬುಡದವರೆಗೂ ಕಾಫಿ ಹರವಿರುತ್ತಿತ್ತು. ಒಂದು ಮಾತು ಹೇಳಲೇಬೇಕು, ಈಗಿನ ಸಣ್ಣ ಡಿಶ್‌ಗಳು ಜೋರು ಮಳೆ ಬಂದರೆ ಕೈಕೊಡುತ್ತವೆ. ಆ ದೊಡ್ಡ ಡಿಶ್ ಹಿಡಿಯುತ್ತಿದ್ದ ಸಿ ಬ್ಯಾಂಡ್ ಸಿಗ್ನಲ್ ಮಳೆಗೆ ಅಷ್ಟಾಗಿ ಜಗ್ಗುತ್ತಿರಲಿಲ್ಲ. ಕೈಕೊಡುತ್ತಿದ್ದದ್ದು ಕರೆಂಟು. ಲೈನ್ ಮೇಲೆ ಮರ ಬಿದ್ದರೆ ಮುಗಿಯಿತು, ದಿನಗಟ್ಟಲೆ ಕತ್ತಲೆ.

ನಮ್ಮ ಮನೆಯಲ್ಲಿ ಅರೆಭಾಷೆ, ಅಂದರೆ ಇಲ್ಲಿನ ಗೌಡರ ಮಾತು. ಆ ಮನೆಯಲ್ಲಿ ಕೊಡವ ತಕ್ಕ್, ಕೊಡವರ ಭಾಷೆ. ತೋಟದ ಲೆಕ್ಕ ಬರೆಯುವ ಅವರ ರೈಟರ್ ಮಲಯಾಳಿ. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ತಮಿಳು. ಮಕ್ಕಳೆಲ್ಲ ಸೇರಿದರೆ ಕನ್ನಡ. ಸಂಜೆ ಆ ಟಿವಿ ಮುಂದೆ ಎಲ್ಲರೂ ಇರುತ್ತಿದ್ದೆವು. ಎಲ್ಲರೂ ಸಮನಾಗಿ ಕೂತಿದ್ದೆವು ಎಂದು ನಾನು ಹೇಳುವುದಿಲ್ಲ. ಲೈನ್ ಮನೆ ಮಕ್ಕಳು ಜಗಲಿಯಲ್ಲಿ ನಿಂತು ಕಿಟಕಿಯಿಂದ ನೋಡುತ್ತಿದ್ದರು. ಅದು ಈಗಲೂ ಚುಚ್ಚುತ್ತದೆ. ಆದರೆ ಮರುದಿನ ಸ್ಕೂಲಿಗೆ ನಡೆಯುವಾಗ ಎಲ್ಲರ ಬಾಯಲ್ಲೂ ಅದೇ ಹಾಡು.

ವಿಡಿಯೋ ಶುರುವಾದ ಕೂಡಲೇ ಪರದೆಯ ಕೆಳಗೆ, ಎಡ ಮೂಲೆಯಲ್ಲಿ, ಸಣ್ಣ ಅಕ್ಷರದ ಸಾಲುಗಳು ಬರುತ್ತಿದ್ದವು. ಹಾಡಿದವರ ಹೆಸರು, ಹಾಡಿನ ಹೆಸರು, ಆಲ್ಬಂ, ಕಂಪನಿ. ಕೆಲವೇ ಸೆಕೆಂಡು. ಮುಗಿಯುವ ಹೊತ್ತಿಗೆ ಇನ್ನೊಂದು ಸಲ. ಅಷ್ಟರಲ್ಲಿ ಬರೆದುಕೊಳ್ಳಬೇಕು. ರೈಟರ್ ಕೊಡುತ್ತಿದ್ದ ತೂಕದ ಚೀಟಿಯ ಹಿಂಬದಿಯೇ ನಮ್ಮ ನೋಟ್‌ಬುಕ್. ಒಬ್ಬರಿಗೆ ಮೊದಲ ಸಾಲು, ಇನ್ನೊಬ್ಬರಿಗೆ ಎರಡನೆಯದು ಎಂದು ಹಂಚಿಕೊಳ್ಳುತ್ತಿದ್ದೆವು. ಯಾರಿಗೂ ಇಂಗ್ಲಿಷ್ ಸರಿಯಾಗಿ ಬಾರದು, ಸ್ಪೆಲ್ಲಿಂಗ್ ಹೇಗಿತ್ತೋ ಹಾಗೇ ಗೀಚಿಕೊಳ್ಳುವುದು. ಆ ಚೀಟಿ ಹಿಡಿದು ಮಡಿಕೇರಿಯ ಕ್ಯಾಸೆಟ್ ಅಂಗಡಿಗೆ ಹೋದರೆ ಅಂಗಡಿಯವರು ಅದನ್ನು ನೋಡಿ ಸರಿಯಾದ ಕ್ಯಾಸೆಟ್ ತೆಗೆದುಕೊಡುತ್ತಿದ್ದರು. ಮ್ಯಾಗ್ನಾಸೌಂಡ್ ಎಂಬ ಕ್ಯಾಸೆಟ್ ಕಂಪನಿಯ ಹೆಸರು ನಾನು ಕಲಿತದ್ದು ಹಾಗೆ.

ಹಾಡುಗಳೂ ಹಾಗೇ ಇದ್ದವು. 1995ರಲ್ಲಿ ಅಲಿಶಾ ಚಿನಾಯ್, ಮೇಡ್ ಇನ್ ಇಂಡಿಯಾ. 1996ರಲ್ಲಿ ಲಕ್ಕಿ ಅಲಿಯವರ ಓ ಸನಮ್. ಈಜಿಪ್ಟಿನ ಮರಳು, ಪಿರಮಿಡ್ಡು, ಅವರ ಸ್ವಲ್ಪ ಒಡೆದಂಥ ದನಿ. ಸಿನಿಮಾದಲ್ಲಾದರೆ ಆ ದನಿಗೆ ಹೀರೋ ಹಾಡು ಕೊಡುತ್ತಿದ್ದರೋ ಇಲ್ಲವೋ. ಟಿವಿ ಕೊಟ್ಟಿತು. ದಲೇರ್ ಮೆಹಂದಿಯವರ ಕಥೆ ನನಗೆ ಇನ್ನೂ ಇಷ್ಟ. ಅವರ ವಿಡಿಯೋ ಓಡುವುದು ಅದರಲ್ಲಿರುವ ಚೆಂದದ ಹುಡುಗಿಯರಿಂದ ಎಂದು ಕೆಲವರು ಆಡಿಕೊಂಡರು. 1998ರಲ್ಲಿ ಅವರು ತುನಕ್ ತುನಕ್ ತುನ್ ಮಾಡಿದರು. ಅದರಲ್ಲಿ ಹುಡುಗಿಯರೇ ಇಲ್ಲ. ನಾಲ್ಕು ಬಣ್ಣದ ಬಟ್ಟೆಯಲ್ಲಿ ನಾಲ್ಕು ದಲೇರ್, ಹಿಂದೆ ಕಂಪ್ಯೂಟರಿನಲ್ಲಿ ಸೇರಿಸಿದ ಬೆಟ್ಟ ಬಯಲು. ಪಂಜಾಬಿಯ ಒಂದು ಪದವೂ ತಿಳಿಯದ ನಮ್ಮೂರಿನ ಮಕ್ಕಳೆಲ್ಲ ಅದಕ್ಕೆ ಕುಣಿದರು. ಮದುವೆಮನೆಯಲ್ಲಿ ವಾಲಗಕ್ಕೆ ಕುಣಿದು ಬೆಳೆದವರಿಗೆ ಆ ತಾಳ ಹಿಡಿಯುವುದು ಕಷ್ಟವೇ ಆಗಲಿಲ್ಲ.

ಆಮೇಲೆ ಎಂಟಿವಿಯಲ್ಲಿ ನಿರೂಪಕರಾಗಿ ನಿಖಿಲ್ ಚಿಣ್ಣಪ್ಪ ಬಂದರು. ಚಿಣ್ಣಪ್ಪ! ಬೇರೆ ಊರಿನವರಿಗೆ ಅದು ಸುಮ್ನೆ ಒಂದು ಹೆಸರು. ಅದು ಕೊಡವರ ಹೆಸರು, ಕೊಡಗಿನಲ್ಲಿ ಅದು ಟಿವಿಯಲ್ಲಿ ಕೇಳಿದರೆ ಅಡುಗೆಮನೆಯಲ್ಲಿದ್ದವರೂ ಹೊರಗೆ ಬರುತ್ತಿದ್ದರು.

ಇದೆಲ್ಲಾ ನೋಡಿದವರಿಗೆ ಒಂದು ಧೈರ್ಯ ಬಂತು ಎಂದು ನಾನು ನಂಬಿದ್ದೇನೆ. ಮೊದಲ ಕೊಡವ ಸಿನಿಮಾ ಬಂದದ್ದು 1972ರಲ್ಲಿ. ಆಮೇಲೂ ಕೊಡವ ಸಿನಿಮಾಗಳು ಬಂದದ್ದು ಕಡಿಮೆಯೇ. ಸಿನಿಮಾ ಇದ್ದರೆ ಮಾತ್ರ ಹಾಡು ಎನ್ನುವುದಾದರೆ ನಮ್ಮ ಭಾಷೆಗಳ ಗತಿ ಏನು? ಹಾಡಿಗೆ ಸಿನಿಮಾ ಬೇಕಿಲ್ಲ, ಹಾಡುವವರು, ಒಂದು ಕ್ಯಾಮೆರಾ, ಒಂದು ಗದ್ದೆ ಬಯಲು ಸಾಕು ಎಂದು ಕಣ್ಣಾರೆ ಕಂಡದ್ದು ಆ ಟಿವಿಯಲ್ಲಿ. ಕೊಡವ ಹಾಡಿನ ಸೀಡಿಗಳು ಬಂದಾಗ ಅವುಗಳಲ್ಲಿ ಇದ್ದದ್ದೂ ಅದೇ. ಕುಲದ ಹಿರಿಮನೆಯಾದ ಐನ್‌ಮನೆ, ಗದ್ದೆಯ ಬದು, ಕೊಡವರ ಉಡುಪಾದ ಕುಪ್ಯಚೇಲೆ ತೊಟ್ಟ ಹುಡುಗರು, ಹಿಂದೆ ನೆರಿಗೆ ಹಾಕಿ ಸೀರೆ ಉಟ್ಟ ಹುಡುಗಿಯರು.

ಈಗಿನ ಕಾಲಕ್ಕೂ ಸಲ್ಲಬೇಕಾದ್ದು ಸಲ್ಲಬೇಕು. ಎಂಟಿವಿಯಲ್ಲಿ ನಾವು ಕೊಡವ ಹಾಡನ್ನಾಗಲೀ ಅರೆಭಾಷೆ ಹಾಡನ್ನಾಗಲೀ ನೋಡಿದ್ದಿಲ್ಲ. ಆ ಬಾಗಿಲು ದಾಟಲು ದುಡ್ಡು ಬೇಕಿತ್ತು, ಬಾಂಬೆಯಲ್ಲಿ ಗುರುತು ಬೇಕಿತ್ತು. ಕನ್ನಡಕ್ಕೇ ಅಲ್ಲಿ ಜಾಗ ಇರಲಿಲ್ಲ. ಇವತ್ತು ಚಂದನ್ ಶೆಟ್ಟಿ, ಆಲ್ ಓಕೆ ಅಂಥವರ ಕನ್ನಡ ರ‍್ಯಾಪ್ ಯಾರ ಅಪ್ಪಣೆಯೂ ಇಲ್ಲದೆ ಲಕ್ಷಾಂತರ ಜನರಿಗೆ ಮುಟ್ಟಿದೆ. ಅರೆಭಾಷೆಯಲ್ಲಿ ಹಾಡು ಕಟ್ಟಿ, ಫೋನಿನಲ್ಲೇ ಶೂಟ್ ಮಾಡಿ ಹಾಕುವ ಮಕ್ಕಳನ್ನು ನೋಡಿದರೆ ನನಗೆ ಹೊಟ್ಟೆ ತುಂಬುತ್ತದೆ. ಆ ಹಳೇ ಬಾಗಿಲು ವಾಪಸ್ ಬರಲಿ ಎಂದು ನಾನು ಕೇಳುತ್ತಿಲ್ಲ.

ಆದರೆ ಯೂಟ್ಯೂಬ್ ನನಗೆ ನನ್ನದನ್ನೇ ತೋರಿಸುತ್ತದೆ. ಅರೆಭಾಷೆ ಹಾಡು ನಮ್ಮ ಫೋನಿಗೆ ಬರುತ್ತದೆ. ಕೊಡವ ಹಾಡು ಪಕ್ಕದ ತೋಟದವರ ಫೋನಿಗೆ. ಮಲಯಾಳಿ ಮುಸ್ಲಿಮರ ಮಾಪಿಳ್ಳೆ ಪಾಟ್ಟು ಕೆಳಗಿನ ಅಂಗಡಿಯವರ ಫೋನಿಗೆ. ಬೇಲಿಯ ಆಚೆ ಯಾವ ಹಾಡು ಓಡುತ್ತಿದೆ ಎಂದು ಈಚೆಯವರಿಗೆ ಗೊತ್ತೇ ಆಗುವುದಿಲ್ಲ. ಹಾಡು ಹಿಂದೆಂದೂ ಇಲ್ಲದಷ್ಟು ಜಾಸ್ತಿ ಆಗಿದೆ. ಎಲ್ಲರೂ ಸೇರಿ ನೋಡಿದ ಹಾಡು ಎಂದು ನಮ್ಮೂರಿನ ಇವತ್ತಿನ ಮಕ್ಕಳಿಗೆ ಯಾವುದಿದೆ? ಸಿನಿಮಾದ್ದು ಬಿಟ್ಟರೆ ಒಂದೂ ಇಲ್ಲ.

ಹಾಗಾಗಿ ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಒಂದು ಬೇಡಿಕೆಯನ್ನೂ ಹೇಳಿ ಕಳಿಸುತ್ತೇನೆ. ದೂರದರ್ಶನ ಚಂದನ ಇದೆ. ಅದು ಎಲ್ಲರ ಚಾನೆಲ್. ವಾರಕ್ಕೆ ಅರ್ಧ ಗಂಟೆ ಸಿನಿಮಾದ್ದಲ್ಲದ ಹಾಡುಗಳಿಗೆ ಕೊಡಲಿ. ಕನ್ನಡ, ತುಳು, ಕೊಡವ, ಅರೆಭಾಷೆ, ಬ್ಯಾರಿ, ಕೊಂಕಣಿ, ಎಲ್ಲಾ ಒಂದರ ಹಿಂದೆ ಒಂದು. ಕೆಳಗೆ ಎಡ ಮೂಲೆಯಲ್ಲಿ ಹಾಡಿದವರ ಹೆಸರು, ಊರು, ಹಾಡಿನ ಅರ್ಥ ಒಂದು ಸಾಲು. ಮಡಿಕೇರಿ ಆಕಾಶವಾಣಿ ಕೊಡವ ಹಾಡನ್ನೂ ಅರೆಭಾಷೆ ಹಾಡನ್ನೂ ಒಂದೇ ಸ್ಟೇಷನ್ನಿನಿಂದ ಕೇಳಿಸುತ್ತಲೇ ಬಂದಿದೆ, ಹಾಗಾಗಿ ಇದು ಆಗದ ಮಾತೇನಲ್ಲ. ಕೊಡವ ಸಾಹಿತ್ಯ ಅಕಾಡೆಮಿ 1994ರಿಂದ ಇದೆ, ಅರೆಭಾಷೆ ಅಕಾಡೆಮಿ 2011ರಿಂದ ಇದೆ, ಎರಡೂ ಮಡಿಕೇರಿಯಲ್ಲೇ. ಇಬ್ಬರೂ ಕೂತು ಒಂದು ಪಟ್ಟಿ ಮಾಡಿಕೊಟ್ಟರೆ ಮೊದಲ ಕೆಲವು ತಿಂಗಳಿಗೆ ಬೇಕಾದಷ್ಟು ಹಾಡು ಕೊಡಗಿನಿಂದಲೇ ಸಿಗುತ್ತದೆ. ನೀವೂ ಚಂದನಕ್ಕೆ ಒಂದು ಕಾಗದ ಬರೆಯಿರಿ. ನಾನು ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ.