ಹವಾಯಿಯ ಪಿಲಿ ಹುಲ್ಲು: ಬೀಜ ಹಿಡಿಯುವುದು, ಬೆಳೆಸುವುದು

ಹವಾಯಿಯ ಬಿಗ್ ಐಲ್ಯಾಂಡ್ ದ್ವೀಪದ ಪಶ್ಚಿಮದಲ್ಲಿ ಲಾವಾ ಬಯಲನ್ನೆಲ್ಲ ತುಂಬಿರುವ ಫೌಂಟೇನ್ ಗ್ರಾಸ್ ಅಲ್ಲಿಯ ಹುಲ್ಲಲ್ಲ. 20ನೇ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆಂದು ತಂದ ಆಫ್ರಿಕಾದ ಹುಲ್ಲು ಅದು. ಬೀಜ ಗಾಳಿಗೆ ಹಾರಿ ಬೇಲಿ ದಾಟಿತು. ಮೇವಿಗೆಂದು ಬಂದ ಗಿನಿ ಹುಲ್ಲು, ಬಫೆಲ್ ಹುಲ್ಲುಗಳದ್ದೂ ಇದೇ ಕಥೆ. ಬೇಸಿಗೆಗೆ ಇವು ಒಣಗಿ ಹೊತ್ತಿಕೊಳ್ಳುತ್ತವೆ, ಸುಟ್ಟ ನೆಲದಲ್ಲಿ ಸ್ಥಳೀಯ ಗಿಡಗಳಿಗಿಂತ ಮೊದಲೇ ಚಿಗುರುತ್ತವೆ. 2023ರ ಆಗಸ್ಟ್‌ನಲ್ಲಿ ಮಾವಿ ದ್ವೀಪದ ಲಹೈನಾ ಸುಟ್ಟುಹೋದಾಗ ಊರಿನ ಸುತ್ತಲ ಪಾಳು ಜಮೀನುಗಳಲ್ಲಿ ಇದ್ದದ್ದು ಇಂಥ ಹುಲ್ಲೇ.

ಇವುಗಳ ನಡುವೆ ಸೊರಗಿದ್ದು ಪಿಲಿ, ಅಂದರೆ ಹೆಟೆರೊಪೋಗನ್ ಕಾಂಟಾರ್ಟಸ್. ಹವಾಯಿಯವರು ಮನೆಗೆ ಹೊದಿಸುತ್ತಿದ್ದ ಹುಲ್ಲು ಇದು. ಒಣ ಇಳಿಜಾರುಗಳ ತುಂಬ ಇದ್ದದ್ದು ಈಗ ಅಲ್ಲಲ್ಲಿ ತುಂಡು ತುಂಡಾಗಿ ಉಳಿದಿದೆ. ನಮ್ಮ ಬಯಲುಸೀಮೆಯ ಕಾವಲುಗಳಲ್ಲಿ ಕುರಿಯ ಉಣ್ಣೆಗೆ ಚುಚ್ಚಿಕೊಳ್ಳುವುದೂ ಇದೇ ಜಾತಿಯ ಹುಲ್ಲು. ಪಿಲಿಯೂ ಉರಿಯುತ್ತದೆ, ಅದರಲ್ಲಿ ಸಂಶಯ ಬೇಡ. ಗೋಡೆಗೆ ತಾಗಿಸಿ ನೆಡಬಾರದು. ಆದರೆ ಅದು ಬುಡ ಬುಡವಾಗಿ ಬೆಳೆಯುವುದರಿಂದ ನಡುವೆ ಬೇರೆ ಗಿಡಕ್ಕೆ ಜಾಗ ಸಿಗುತ್ತದೆ. ಗಿನಿ ಹುಲ್ಲಿನ ಎತ್ತರವಾಗಲಿ, ಒತ್ತಾಗಲಿ ಅದಕ್ಕಿಲ್ಲ.

ಕಷ್ಟವಿರುವುದು ಬೀಜದಲ್ಲಿ. ಬಲಿತ ತೆನೆಗಳ ಕಂದು ಸುಂಕು, ಅಂದರೆ ಬೀಜದ ತುದಿಯಿಂದ ಚಾಚಿದ ಕೂದಲಿನಂಥ ಎಳೆ, ಒಂದಕ್ಕೊಂದು ಹೆಣೆದುಕೊಂಡು ಹಗ್ಗದಂತಾಗುತ್ತದೆ. ಆಗ ಮೆಲ್ಲಗೆ ಎಳೆದರೆ ಗೊಂಚಲೇ ಕೈಗೆ ಬರಬೇಕು. ಬಿಗಿಯಾಗಿ ಹಿಡಿದುಕೊಂಡಿದ್ದರೆ ಇನ್ನೂ ಬಲಿತಿಲ್ಲ. ದಪ್ಪ ಕೈಗವಸು ಹಾಕಿಕೊಳ್ಳಿ, ಚೂಪು ತುದಿ ಚರ್ಮದೊಳಗೆ ಇಳಿಯುತ್ತದೆ. ತೆನೆಯ ಕೆಳಭಾಗದ, ಸುಂಕಿಲ್ಲದ ಹೂಗಳಲ್ಲಿ ಕಾಳು ಕಟ್ಟುವುದಿಲ್ಲ. ಸುಂಕಿರುವವುಗಳಲ್ಲೂ ಎಷ್ಟೋ ಜೊಳ್ಳು. ಉಗುರಿನಿಂದ ಒತ್ತಿದಾಗ ಗಟ್ಟಿಯಾಗಿರುವುದನ್ನು ಮಾತ್ರ ಇಟ್ಟುಕೊಳ್ಳಿ.

ಹೊಸ ಬೀಜ ಬಿತ್ತಿದವರು 'ಮೊಳಕೆಯೇ ಬರಲಿಲ್ಲ' ಎನ್ನುವುದು ಸಾಮಾನ್ಯ. ಬೀಜ ಸತ್ತಿರುವುದಿಲ್ಲ, ಸುಪ್ತಾವಸ್ಥೆಯಲ್ಲಿರುತ್ತದೆ. ಕಾಗದದ ಚೀಲದಲ್ಲಿ, ತೇವ ತಾಗದ ಕಡೆ, ಮನೆಯ ಉಷ್ಣಾಂಶದಲ್ಲೇ ಆರು ತಿಂಗಳಿಂದ ಒಂದು ವರ್ಷ ಇಡಬೇಕು. ಕೊಯ್ದ ಕೂಡಲೇ ಫ್ರಿಜ್‌ಗೆ ಹಾಕಿದರೆ ಸುಪ್ತಾವಸ್ಥೆ ಕಳೆಯುವುದು ಇನ್ನೂ ತಡವಾಗುತ್ತದೆ.

ಬಿತ್ತುವ ಮೊದಲು ಸುಂಕು ಕತ್ತರಿಸಿ. ಒದ್ದೆಯಾದರೆ ಬಿಚ್ಚಿಕೊಂಡು, ಒಣಗಿದರೆ ಮತ್ತೆ ತಿರುಚಿಕೊಂಡು ಬೀಜವನ್ನು ಮಣ್ಣಿಗೆ ಕೊರೆಯುವುದು ಅದರ ಕೆಲಸ. ಟ್ರೇನಲ್ಲಿ ಅದೇ ಸುಂಕು ಬೀಜವನ್ನು ಕಿತ್ತು ಮೇಲೆ ತರುತ್ತದೆ. ಒರಟು ಕಪ್ಪು ಸಿಂಡರ್ (ಜ್ವಾಲಾಮುಖಿಯ ಹಗುರ ಕಲ್ಲುಚೂರು) ಅಥವಾ ಪರ್ಲೈಟ್ ಒಂದು ಪಾಲು, ಕೊಕೊಪೀಟ್ ಒಂದು ಪಾಲು ಸಾಕು. ಬೀಜದ ಮೇಲೆ ಮಣ್ಣು ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ಬೇಡ. ಪೂರ್ತಿ ಬಿಸಿಲು ಬೇಕು. ನೆರಳಿನಲ್ಲಿ ಸಸಿ ಉದ್ದಕ್ಕೆ ಎಳೆದುಕೊಂಡು ಮಲಗುತ್ತದೆ.

ಸಸಿಯ ಬೇರು ಕುಂಡದ ಮಣ್ಣನ್ನು ಹಿಡಿದುಕೊಂಡ ಮೇಲೆ 45ರಿಂದ 60 ಸೆಂಟಿಮೀಟರ್ ಅಂತರದಲ್ಲಿ ನೆಡಿ. ನವೆಂಬರ್‌ನಲ್ಲಿ, ಅಲ್ಲಿಯ ಮಳೆಗಾಲದ ಹೊಸಿಲಲ್ಲಿ ನೆಟ್ಟರೆ ನೀರಿನ ಖರ್ಚು ಉಳಿಯುತ್ತದೆ. ಎರಡು ಮೂರು ತಿಂಗಳು ನೀರು ಕೊಟ್ಟು ಆಮೇಲೆ ಕಡಿಮೆ ಮಾಡಿ. ದಿನಾ ಡ್ರಿಪ್ ಬಿಟ್ಟು ಹಸಿರಾಗಿಡುವ ಆಸೆ ಪಟ್ಟರೆ ಬುಡ ಕೊಳೆಯುತ್ತದೆ. ಮರದ ಚಕ್ಕೆಯ ಹೊದಿಕೆಯನ್ನೂ ಬುಡದಿಂದ ಒಂದು ಗೇಣು ದೂರವಿಡಿ. ಮೊದಲ ವರ್ಷ ಗಿನಿ ಹುಲ್ಲಿನ ಸಸಿಗಳನ್ನು ಬೇರುಸಹಿತ ಕೀಳದಿದ್ದರೆ ಪಿಲಿ ಉಳಿಯುವುದಿಲ್ಲ. ವರ್ಷಕ್ಕೊಮ್ಮೆ, ಬೀಜ ಉದುರಿದ ನಂತರ ಮಳೆಗೆ ಮುಂಚೆ, 15 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಬೀಜ ಚುಚ್ಚುವುದರಿಂದ ನಾಯಿ ಓಡಾಡುವ ಹಿತ್ತಲಿಗೆ ಈ ಹುಲ್ಲು ಸರಿಯಲ್ಲ.

ಅಂಥ ಕಡೆ ಎಮೊಲೊವ ಎಂಬ ಹುಲ್ಲು ನೆಡಬಹುದು. ಎರಾಗ್ರಾಸ್ಟಿಸ್ ವೇರಿಯಾಬಿಲಿಸ್ ಎಂಬ ಇದು ಹವಾಯಿ ದ್ವೀಪಸಮೂಹ ಬಿಟ್ಟರೆ ಬೇರೆಲ್ಲೂ ಇಲ್ಲ. ದೂರದ ಲೇಸಾನ್ ದ್ವೀಪದ ಫಿಂಚ್ ಹಕ್ಕಿ ಗೂಡು ಕಟ್ಟುವುದು ಇದರ ಬುಡದಲ್ಲಿ. ಚುಚ್ಚುವುದಿಲ್ಲ. ಬೀಜ ಪುಡಿಯಷ್ಟು ಸಣ್ಣದು, ಮೇಲೆ ಉದುರಿಸಿದರೆ ಸಾಕು.

ಕಾಮನೊಮನೊ ಎಂಬ ಇನ್ನೊಂದು ಸ್ಥಳೀಯ ಹುಲ್ಲಿನದು ಮಾತ್ರ ಬೇರೆ ಮಾತು. ಬಫೆಲ್ ಹುಲ್ಲಿನದೇ ಕುಲ, ಸೆಂಕ್ರಸ್. ಆದರೆ ಅಳಿವಿನಂಚಿನ ಪಟ್ಟಿಯಲ್ಲಿದೆ. ಕಾಡಿನಿಂದ ಒಂದು ತೆನೆ ತಂದರೂ ಅಪರಾಧ. ಪರವಾನಗಿ ಇರುವ ನರ್ಸರಿ ಬೆಳೆಸಿದ್ದಾದರೆ ಮಾತ್ರ ಕೊಳ್ಳಬೇಕು.

ಪಿಲಿ ಕೊಳ್ಳುವಾಗಲೂ ಬೀಜ ಯಾವ ದ್ವೀಪದ್ದೆಂದು ಕೇಳಿ. ಟೆಕ್ಸಾಸ್‌ನಲ್ಲೂ ಇದೇ ಜಾತಿಯ ಹುಲ್ಲಿದೆ, ಚಿತ್ರದುರ್ಗದ ಕಡೆಯೂ ಇದೆ. ಹೆಸರು ಒಂದೇ ಆದರೂ ಅಲ್ಲಿಯ ಬೀಜ ಹವಾಯಿಯ ಪಿಲಿಗೆ ಬದಲಿಯಲ್ಲ. ಊರಿನಿಂದ ಹೊನೊಲುಲುಗೆ ಹೋಗುವವರು ಅಂಟಿಕೊಂಡ ಬೀಜ ಉಳಿದಿದೆಯೇ ಎಂದು ಕಾಲುಚೀಲವನ್ನೊಮ್ಮೆ ನೋಡಿಕೊಳ್ಳಲಿ.