ಒಂಬತ್ತಡಿಯ ಕೋಣೆ, ಕಪ್ಪು ಟ್ರಂಕು

ಅರಸೀಕೆರೆ ಹತ್ತಿರದ ನಮ್ಮೂರಲ್ಲಿ ನಮ್ಮ ದೊಡ್ಡಪ್ಪನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಮಿಲ್ಟ್ರಿಯವರು ಅಂದರೆ ಅವರೇ. ಸೈನ್ಯದ ಇಂಜಿನಿಯರುಗಳ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. 1971ರ ಯುದ್ಧದಲ್ಲಿ ಅವರದು ನೆಲದಲ್ಲಿ ಹೂತಿಟ್ಟ ಸಿಡಿಮದ್ದು, ಅಂದರೆ ಮೈನ್, ತೆಗೆಯುವ ಕೆಲಸ. ಮೊನ್ನೆ ಭಾನುವಾರ ಲಂಡನ್ನಿಂದ ಅವರಿಗೆ ಫೋನ್ ಮಾಡಿ, ಇಲ್ಲಿ ನೋಡಿಬಂದ ಒಂದು ಮನೆಯ ಕಥೆ ಹೇಳಿದೆ. ಹೇಳುತ್ತಾ ಹೇಳುತ್ತಾ ನಿಮಗೂ ಬರೆಯಬೇಕು ಅನ್ನಿಸಿತು.

ಥೇಮ್ಸ್ ನದಿಯ ದಡದಲ್ಲಿ, ಚೆಲ್ಸೀ ಅನ್ನುವ ಕಡೆ ರಾಯಲ್ ಹಾಸ್ಪಿಟಲ್ ಅಂತ ಇದೆ. ಹೆಸರು ಕೇಳಿ ಆಸ್ಪತ್ರೆ ಅಂದುಕೊಳ್ಳಬೇಡಿ. ವಯಸ್ಸಾದ ಸೈನಿಕರು ಇರುವ ಮನೆ ಅದು. ಅದನ್ನು ಕಟ್ಟಿದ ಕಾಲಕ್ಕೆ ಹಾಸ್ಪಿಟಲ್ ಅನ್ನುವ ಮಾತಿಗೆ ಆಸರೆ ಕೊಡುವ ಜಾಗ ಅನ್ನುವ ಅರ್ಥವೂ ಇತ್ತು. ಈಗ ಸುಮಾರು 300 ಜನ ಇದ್ದಾರೆ. ದಿನಾ ಹಾಕುವುದು ಕಡು ನೀಲಿ ಬಟ್ಟೆ. ಹಬ್ಬ ಹರಿದಿನಕ್ಕೆ ಮೊಣಕಾಲು ಮುಟ್ಟುವ ಕೆಂಪು ಕೋಟು, ಮೂರು ಮೂಲೆಯ ಕಪ್ಪು ಟೋಪಿ.

ಇದನ್ನು ಶುರು ಮಾಡಿಸಿದ್ದು ಎರಡನೇ ಚಾರ್ಲ್ಸ್ ದೊರೆ, 1682ರಲ್ಲಿ. ಅದಕ್ಕೂ ಮುಂಚೆ ಇಂಗ್ಲೆಂಡಿನಲ್ಲಿ ಯುದ್ಧ ಬಂದಾಗ ಸೈನ್ಯ ಕಟ್ಟೋದು, ಮುಗಿದ ಮೇಲೆ ಮನೆಗೆ ಕಳಿಸೋದು ಅಷ್ಟೇ. ಚಾರ್ಲ್ಸ್ ಕಾಲದಲ್ಲಿ ಸೈನ್ಯ ಖಾಯಂ ಆಯಿತು. ಸೈನ್ಯದಲ್ಲೇ ಮುದುಕರಾದವರು, ಕೈಕಾಲು ಕಳೆದುಕೊಂಡವರು ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆಯೂ ಜೊತೆಗೇ ಬಂತು. ಪ್ಯಾರಿಸ್‌ನಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ 1670ರಲ್ಲೇ ಇಂಥದ್ದೊಂದು ಕಟ್ಟಿಸಲು ಅಪ್ಪಣೆ ಕೊಟ್ಟಿದ್ದ. ಅದೇ ಇಲ್ಲಿಗೂ ಮಾದರಿ. ಕಟ್ಟಡದ ನಕ್ಷೆ ಮಾಡಿದ್ದು ಕ್ರಿಸ್ಟೋಫರ್ ರೆನ್, ಇಲ್ಲಿನ ದೊಡ್ಡ ಚರ್ಚು ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಕಟ್ಟಿದವನೇ. ಖರ್ಚಿಗೆ ಸೈನಿಕರ ಸಂಬಳದಲ್ಲಿ ಹಿಡಿದುಕೊಂಡ ದುಡ್ಡೂ ಸೇರಿತ್ತು. ಅದನ್ನು ಕೇಳಿದಾಗ ನನಗೆ ಅಲ್ಲಿರುವ ಚಾರ್ಲ್ಸ್ ದೊರೆಯ ಚಿನ್ನದ ಬಣ್ಣದ ಪ್ರತಿಮೆಗಿಂತ ಆ ಸೈನಿಕರೇ ದೊಡ್ಡವರಾಗಿ ಕಂಡರು. 1692ರಲ್ಲಿ ಜನ ಬಂದು ಸೇರುವ ಹೊತ್ತಿಗೆ ಚಾರ್ಲ್ಸ್ ಸತ್ತು ಏಳು ವರ್ಷ ಆಗಿತ್ತು.

ಜಾಗ ಮೊದಲಿಂದಲೂ ಸಾಲಲಿಲ್ಲ. ಹಾಗಾಗಿ ಹೊರಗೇ ಇರುವ ಮಾಜಿ ಸೈನಿಕರಿಗೆ ದುಡ್ಡಿನ ಪೆನ್ಶನ್ ಕೊಡೋಕೆ ಶುರು ಮಾಡಿದರು. ಹಾಗೆ ಪೆನ್ಶನ್ ಪಡೆದವರಲ್ಲಿ ಒಬ್ಬ ಹೆಂಗಸಿದ್ದಾಳೆ, ಹ್ಯಾನಾ ಸ್ನೆಲ್. ಗಂಡಸಿನ ವೇಷದಲ್ಲಿ ಸೈನ್ಯ ಸೇರಿ, 1748ರಲ್ಲಿ ನಮ್ಮ ಪುದುಚೇರಿಯ ಮುತ್ತಿಗೆಯಲ್ಲಿ ಹೋರಾಡಿದವಳು. 1750ರಲ್ಲಿ ಅವಳಿಗೆ ಪೆನ್ಶನ್ ಮಂಜೂರಾಯಿತು. ಸತ್ತ ಮೇಲೆ ಮಣ್ಣು ಮಾಡಿದ್ದೂ ಚೆಲ್ಸೀಯಲ್ಲೇ. ಆದರೂ ಹೆಂಗಸರನ್ನು ಒಳಗೆ ಇರೋಕೆ ಸೇರಿಸಿಕೊಂಡಿದ್ದು 2009ರಲ್ಲಿ. ಇಷ್ಟು ತಡ ಮಾಡಬಾರದಿತ್ತು.

ಎರಡು ಮಹಾಯುದ್ಧಗಳಲ್ಲೂ ಈ ಜಾಗಕ್ಕೆ ಬಾಂಬು ಬಿದ್ದಿದೆ. 1918ರಲ್ಲಿ ಬಾಂಬಿಗೆ ಬಿದ್ದುಹೋದ ಭಾಗವನ್ನು ಆಮೇಲೆ ಮತ್ತೆ ಕಟ್ಟಿದರು, 1945ರಲ್ಲಿ ರಾಕೆಟ್ ಬಿದ್ದು ಅದೇ ಭಾಗ ಮತ್ತೆ ಹೋಯಿತು. ಮತ್ತೆ ಕಟ್ಟಿದರು.

ನಮ್ಮನ್ನು ಸುತ್ತಾಡಿಸಿ ತೋರಿಸಿದ್ದು ಅಲ್ಲೇ ಇರುವ ಒಬ್ಬ ಅಜ್ಜ. ಮೆಟ್ಟಿಲ ಹತ್ತಿರ ನಿಂತು, 'ಕಾಲಿಟ್ಟು ನೋಡಿ' ಅಂದರು. ಮೆಟ್ಟಿಲು ತುಂಬಾ ತಗ್ಗು. ಕಾಲು ಎತ್ತಿದ್ದೇ ಗೊತ್ತಾಗುವುದಿಲ್ಲ. ಮಂಡಿ ನೋವಿರುವವರಿಗೆ ಅಂತಲೇ 300 ವರ್ಷದ ಹಿಂದೆ ರೆನ್ ಹಾಗೆ ಮಾಡಿಸಿದ್ದಂತೆ. ಮೇಲೆ ಉದ್ದನೆಯ ಹಜಾರ. ಒಂದು ಬದಿಗೆ ಸಾಲಾಗಿ ಓಕ್ ಮರದ ಚಿಕ್ಕ ಚಿಕ್ಕ ಕೋಣೆಗಳು. ಮೊದಲು ಒಂದೊಂದೂ ಆರಡಿ ಉದ್ದ, ಆರಡಿ ಅಗಲ. 1950ರ ದಶಕದಲ್ಲಿ ಒಂಬತ್ತಡಿ ಮಾಡಿದರು. ಈಚೆಗೆ ಕಿಟಕಿ, ಬಚ್ಚಲು ಎಲ್ಲಾ ಸೇರಿಸಿ ಇನ್ನೂ ದೊಡ್ಡದು ಮಾಡಿದ್ದಾರೆ.

ಇದನ್ನೆಲ್ಲಾ ಕೇಳಿ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಬಾಗ್ಲು?' ಅಂದರು.

'ಪ್ರತಿಯೊಬ್ಬರಿಗೂ ಅವರವರದೇ ಬಾಗಿಲಿದೆ ದೊಡ್ಡಪ್ಪ.'

'ದುಡ್ಡು?'

ಒಳಗೆ ಸೇರುವವರು ಸೈನ್ಯದ ಪೆನ್ಶನ್ ಬಿಟ್ಟುಕೊಡಬೇಕು, ಊಟ ವಸತಿ ಔಷಧಿ ಎಲ್ಲಾ ಹಾಸ್ಪಿಟಲ್‌ನವರೇ ನೋಡಿಕೊಳ್ಳುತ್ತಾರೆ ಅಂದೆ. 'ಹಂಗಾದ್ರೆ ನಂಗೆ ಬ್ಯಾಡ ಕಣಪ್ಪ' ಅಂದರು. ನನಗೆ ಅರ್ಥವಾಯಿತು. ಪ್ರತಿ ನವೆಂಬರಿನಲ್ಲಿ ಬದುಕಿದ್ದೇನೆ ಅಂತ ಲೈಫ್ ಸರ್ಟಿಫಿಕೇಟ್ ಕೊಟ್ಟು ಬರುತ್ತಾರೆ. ಆ ಪೆನ್ಶನ್ನಿನಲ್ಲೇ ಮೊಮ್ಮಗಳ ಹಾಸ್ಟೆಲ್ ಫೀಸು ಕಟ್ಟುತ್ತಾರೆ. ಮನೆಯಲ್ಲಿ ಅವರ ಮಾತಿಗೆ ಈಗಲೂ ತೂಕ ಇದೆ. ಮಗ ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾರೆ. ನಾನೂ ಅವರನ್ನು ಎಲ್ಲೋ ಸೇರಿಸಬೇಕು ಅಂತ ಈ ಕಥೆ ಹೇಳಿದ್ದಲ್ಲ.

ಹೇಳಿದ್ದು ಅಲ್ಲಿನ ಊಟದ ಹಾಲ್ ನೋಡಿ. ಉದ್ದನೆಯ ಮೇಜುಗಳು, ಗೋಡೆ ಮೇಲೆ ಯುದ್ಧಗಳ ಹೆಸರು. ಇಬ್ಬರು ಅಜ್ಜಂದಿರು ಎದುರುಬದುರು ಕೂತು ಟೀ ಕುಡಿಯುತ್ತಿದ್ದರು. ಒಬ್ಬರು ಅರ್ಧ ಮಾತಾಡಿ ನಿಲ್ಲಿಸಿದರು, ಇನ್ನೊಬ್ಬರು ತಲೆ ಆಡಿಸಿದರು. ನನಗೆ ದೊಡ್ಡಪ್ಪನ ಗೆಳೆಯರೊಬ್ಬರು ನೆನಪಾದರು. ಪಕ್ಕದೂರಿನವರು, ಇವರ ಜೊತೆಗೇ ಸೈನ್ಯದಲ್ಲಿದ್ದವರು. ತಿಂಗಳಿಗೊಮ್ಮೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ, ಮಿಲಿಟರಿ ಕ್ಯಾಂಟೀನಿನ ಕೆಲಸ ಮುಗಿಸಿ, ಸಂಜೆಯವರೆಗೂ ಬಸ್ ಸ್ಟ್ಯಾಂಡಿನಲ್ಲೇ ಕೂತು ಮಾತಾಡಿ ಬರುತ್ತಿದ್ದರು. ಆ ಗೆಳೆಯರು ತೀರಿಕೊಂಡು ಎರಡು ವರ್ಷವಾಯಿತು. ಬಿಳಿ ಟೇಪು ಅಂದರೆ ನಮಗೆ ಬಿಡಿಸಿ ಹೇಳಬೇಕು, ಮೈನ್ ತೆಗೆದ ದಾರಿಗೆ ಎರಡೂ ಬದಿ ಹಾಕುವ ಗುರುತು ಅಂತ. ಆ ಗೆಳೆಯರಿಗೆ ಹೇಳಬೇಕಿರಲಿಲ್ಲ. ಈಗ ಕ್ಯಾಂಟೀನಿಗೆ ಮಗ ಹೋಗಿ ಬರುತ್ತಾನೆ.

ಫೋನ್ ಇಡುವ ಮುಂಚೆ ದೊಡ್ಡಪ್ಪ ಕೇಳಿದರು, 'ಅಲ್ಲಾ, ಅವ್ರು ಟ್ರಂಕ್ ಎಲ್ಲಿಡ್ತಾರೆ?'

ಅವರ ಮಂಚದ ಕೆಳಗೆ ಒಂದು ಕಪ್ಪು ಟ್ರಂಕಿದೆ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು, ನಂಬರು. ನಾವು ಮಕ್ಕಳೆಲ್ಲಾ ಹತ್ತಿ ಕೂತು ಕೂತು ನಂಬರಿನ ಕೊನೆಯ ಎರಡು ಅಂಕಿ ಅಳಿಸಿಹೋಗಿವೆ.

ಚೆಲ್ಸೀಯಲ್ಲಿ ಟ್ರಂಕ್ ಎಲ್ಲಿಡುತ್ತಾರೆ ಅಂತ ನಾನು ನೋಡಿರಲಿಲ್ಲ. ಹಾಗೇ ಹೇಳಿದೆ.

'ನೋಡ್ಕೊಂಡ್ ಬಂದು ಹೇಳು' ಅಂದರು.

ಬರುವ ವಾರ ರಜೆ ಹಾಕಿದ್ದೇನೆ.